ಮಗ ಅಯ್ಯಪ್ಪ ಮಾಲೆ ಹಾಕಿದ್ದಾನೆ, ಸರ್ಕಾರಿ ಶಾಲೆಯಲ್ಲಿ ಬೇಡ ಅನ್ನಬಹುದಾ?

ತುಂಗೆದಡದವಳು | ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಕಾನೂನು ಗೊತ್ತಿರುವವರು ದಯವಿಟ್ಟು ಹೇಳಿ.

ಮಗ ಒಂಬತ್ತನೇ ಕ್ಲಾಸು, ನಮ್ಮೂರ ಸರ್ಕಾರಿ ಹೈಸ್ಕೂಲು. ಈ ಸಲ ದೊಡ್ಡಪ್ಪನ ಜೊತೆ ಶಬರಿಮಲೆಗೆ ಹೊರಟಿದ್ದಾನೆ, ಕನ್ನಿಸ್ವಾಮಿ, ಅಂದರೆ ಮೊದಲ ಸಲ ಹೋಗುವವನು. ಗುರುವಾರ ಮಾಲೆ ಹಾಕಿಸಿದೆವು. ಶುಕ್ರವಾರ ಕಪ್ಪು ಶರ್ಟು, ಕಪ್ಪು ಪಂಚೆ, ಬರಿಗಾಲಲ್ಲಿ ಶಾಲೆಗೆ ಹೋದ. ಪಿಟಿ ಮೇಷ್ಟ್ರು ಪ್ರಾರ್ಥನೆ ಸಾಲಿನಿಂದ ಆಚೆ ನಿಲ್ಲಿಸಿದರಂತೆ. ಹೆಡ್‌ಮಾಸ್ಟರ್ ಕರೆದು, ಯೂನಿಫಾರ್ಮು ಶೂ ಹಾಕಿಕೊಂಡು ಬಾ, ಇಲ್ಲವಾದರೆ ಯಾತ್ರೆ ಮುಗಿಸಿಕೊಂಡೇ ಬಾ ಅಂದಿದ್ದಾರೆ. 41 ದಿನ ಶಾಲೆ ಬಿಡಿಸೋಕೆ ಆಗತ್ತಾ? ಶನಿವಾರ ಹೋಗಲೇ ಇಲ್ಲ, ಇವತ್ತೂ ಹೋಗಿಲ್ಲ.

ಯಜಮಾನರು ಎಂಎಲ್‌ಎ ಕಡೆಯವರಿಗೆ ಫೋನ್ ಮಾಡ್ತೀನಿ ಅಂತಿದ್ದಾರೆ. ನನಗೆ ಜಗಳ ಬೇಡ. ಕಾನೂನಲ್ಲಿ ಏನಿದೆ ಅಂತ ಗೊತ್ತಾದರೆ ಸಾಕು.

ಹಳೇಬೆಂಚು | ರಾತ್ರಿ 9.52

ಸ್ವಾಮಿಯೇ ಶರಣಂ ಅಯ್ಯಪ್ಪ. ನಮ್ಮ ಕಾಲದಲ್ಲಿ ಮಾಲೆ ಹಾಕಿದ ಹುಡುಗನನ್ನು ಮೇಷ್ಟ್ರೇ ‘ಸ್ವಾಮಿ’ ಅಂತ ಕರೆಯುತ್ತಿದ್ದರು. ಹೊಡೆಯುವ ಮಾತೇ ಇಲ್ಲ. ನಿಜ ಹೇಳಬೇಕೆಂದರೆ ನಾನು ಎಂಟನೇ ಕ್ಲಾಸಲ್ಲಿ ಮಾಲೆ ಹಾಕಿದ್ದೇ ಗಣಿತದ ಮೇಷ್ಟ್ರ ಬೆತ್ತಕ್ಕೆ ಹೆದರಿ.

ನೇರನುಡಿ | ರಾತ್ರಿ 9.58

ಯೂನಿಫಾರ್ಮ್ ಅಂದರೆ ಯೂನಿಫಾರ್ಮ್. 2022ರಲ್ಲಿ ಹಿಜಾಬ್ ಬೇಡ ಅಂದಾಗ ಎಲ್ಲರೂ ಇದನ್ನೇ ಹೇಳಿದಿರಿ. ಈಗ ನಮ್ಮ ಮನೆ ಬಾಗಿಲಿಗೆ ಬಂದ ತಕ್ಷಣ ಕಾನೂನು ಹುಡುಕುತ್ತಿದ್ದೀರಿ. ಹೆಡ್‌ಮಾಸ್ಟರ್ ಮಾಡಿದ್ದು ಸರಿ.

ತುಂಗೆದಡದವಳು | ರಾತ್ರಿ 10.03

ನಾನು ಆವಾಗ ಏನೂ ಹೇಳಿರಲಿಲ್ಲ ಸರ್.

ನೇರನುಡಿ | ರಾತ್ರಿ 10.05

ನಿಮಗೆ ಅಂತಲ್ಲಮ್ಮ, ಜನರಲ್ಲಾಗಿ ಹೇಳಿದೆ.

ಕಾಫಿಬೀಜ | ರಾತ್ರಿ 10.11

ಎರಡಕ್ಕೂ ಹೋಲಿಕೆ ಬೇಡ. ಮಾಲೆ 41 ದಿನದ ವ್ರತ, ಆಮೇಲೆ ತೆಗೆದಿಡುತ್ತಾರೆ. ಅದು ವರ್ಷವಿಡೀ.

ಕೋರ್ಟುಹಕ್ಕಿ | ರಾತ್ರಿ 10.34

ವಕೀಲಿ ಮಾಡುವವನು, ಆದರೆ ಇದು ಫೀಸ್ ತಗೊಂಡು ಕೊಟ್ಟ ಸಲಹೆ ಅಲ್ಲ.

ಅಕ್ಕ, ಮೊದಲು ಸಂವಿಧಾನ. 25ನೇ ವಿಧಿ ಎಲ್ಲರಿಗೂ ತಮ್ಮ ಧರ್ಮ ಆಚರಿಸುವ ಹಕ್ಕು ಕೊಡುತ್ತದೆ. ಶಾಲೆ ಗೇಟು ದಾಟಿದ ಕೂಡಲೇ ಅದು ಹೋಗಿಬಿಡುವುದಿಲ್ಲ. ಆದರೆ ಅದಕ್ಕೆ ಬೇಲಿಯೂ ಇದೆ: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ, ಉಳಿದ ಮೂಲಭೂತ ಹಕ್ಕುಗಳು.

ನಿಮ್ಮ ಪರ ಇರುವ ದೊಡ್ಡ ತೀರ್ಪು ಬಿಜೋ ಇಮ್ಯಾನುಯೆಲ್ ಕೇಸು, 1986. ಕೇರಳದ ಮೂವರು ಮಕ್ಕಳು, ಯೆಹೋವನ ಸಾಕ್ಷಿಗಳು ಅನ್ನುವ ಪಂಗಡದವರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಗೆ ಹಾಕಿದರು. ಸುಪ್ರೀಂ ಕೋರ್ಟು ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ಅದರಲ್ಲಿ ನಿಮಗೆ ಬೇಕಾದ ಒಂದು ಮಾತಿದೆ: ಮೂಲಭೂತ ಹಕ್ಕಿಗೆ ಕಡಿವಾಣ ಹಾಕಬೇಕಾದರೆ ಕಾನೂನಿನ ಬಲ ಬೇಕು, ಇಲಾಖೆಯ ಬರೀ ಸುತ್ತೋಲೆ ಸಾಲದು.

ನಿಮ್ಮ ವಿರುದ್ಧ ಇರುವುದು 2022ರ ಮಾರ್ಚ್ 15ರ ನಮ್ಮ ಹೈಕೋರ್ಟಿನ ಹಿಜಾಬ್ ತೀರ್ಪು. ಮೂವರು ನ್ಯಾಯಮೂರ್ತಿಗಳ ಪೀಠ. ಯೂನಿಫಾರ್ಮ್ ಗೊತ್ತುಮಾಡುವುದು ಹಕ್ಕಿನ ಮೇಲೆ ಸರ್ಕಾರ ಹಾಕಬಹುದಾದ ಸಮಂಜಸ ನಿರ್ಬಂಧ ಅಂತ ಹೇಳಿದೆ. ಈ ತರ್ಕಕ್ಕೆ ಹಿಜಾಬು, ಮಾಲೆ ಅಂತ ಬೇರೆ ಬೇರೆ ಇಲ್ಲ. ಕಾಫಿಬೀಜ ಅವರೇ, ನೀವು ಹೇಳಿದ 41 ದಿನದ ಲೆಕ್ಕವನ್ನು ಆ ತೀರ್ಪಿನಲ್ಲಿ ನಾನಂತೂ ಕಾಣೆ.

ಕಾಫಿಬೀಜ | ರಾತ್ರಿ 10.41

ಆದರೆ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತಲ್ಲ.

ಕೋರ್ಟುಹಕ್ಕಿ | ರಾತ್ರಿ 10.47

ಇಲ್ಲ, ಸುಮಾರು ಜನ ಹೀಗೇ ತಿಳಿದುಕೊಂಡಿದ್ದಾರೆ. 2022ರ ಅಕ್ಟೋಬರ್ 13ಕ್ಕೆ ಬಂದದ್ದು ಒಡೆದ ತೀರ್ಪು. ನ್ಯಾ. ಹೇಮಂತ್ ಗುಪ್ತಾ ಮೇಲ್ಮನವಿ ವಜಾ ಮಾಡಿದರು, ನ್ಯಾ. ಸುಧಾಂಶು ಧುಲಿಯಾ ಪುರಸ್ಕರಿಸಿದರು. ಹಾಗಾಗಿ ದೊಡ್ಡ ಪೀಠ ಕೇಳಬೇಕು ಅಂತಾಯಿತು. ಧುಲಿಯಾ ಅವರ ಪ್ರಶ್ನೆ ಸರಳ. ಹಳ್ಳಿ ಹುಡುಗಿ ಶಾಲೆಗೆ ಬರುವುದೇ ಕಷ್ಟ ಇರುವಾಗ, ಇದರಿಂದ ಅವಳ ಬದುಕು ಒಂದಿಷ್ಟಾದರೂ ಹಸನಾಗುತ್ತಾ?

ಬಯಲುಸೀಮೆ_ಬಸವ | ರಾತ್ರಿ 10.55

ಕಾಲಿಗೆ ಶೂ ಇಲ್ಲದಿದ್ದರೆ ತೊಂದರೆಯೇನು? ನಾವೆಲ್ಲ ಬರಿಗಾಲಲ್ಲೇ ಓದಿದ್ದು. ಸರ್ಕಾರ ಶೂ ಕೊಡೋಕೆ ಶುರು ಮಾಡಿದ ಮೇಲೆ ಶೂ ಕೂಡ ಧರ್ಮವಾಗಿಬಿಟ್ಟಿದೆ.

ಹಳೇಬೆಂಚು | ರಾತ್ರಿ 10.57

ಶೂ ಕೊಡುವುದು ಜೂನಿಗೆ ಅಂತಾರೆ, ನಮ್ಮ ಅಕ್ಕನ ಮಗನಿಗೆ ಬಂದದ್ದು ದಸರಾ ಕಳೆದು. ಬಂದಾಗ ಎಡಗಾಲಿಗೆ ಆಗುತ್ತಿತ್ತು, ಬಲಗಾಲಿಗೆ ಬಿಗಿ.

ನಿವೃತ್ತ_ಹೆಚ್ಚೆಮ್ | ಮಂಗಳವಾರ, ಬೆಳಿಗ್ಗೆ 6.20

31 ವರ್ಷ ಸರ್ವೀಸು, ಕೊನೆಯ 9 ವರ್ಷ ಹೆಡ್‌ಮಾಸ್ಟರ್. ಮೇಜಿನ ಆಚೆ ಕೂತವನ ಕಷ್ಟವನ್ನೂ ಸ್ವಲ್ಪ ಕೇಳಿ.

ನವೆಂಬರ್ ಬಂತು ಅಂದರೆ ನಮ್ಮ ಶಾಲೆಯಲ್ಲಿ ಐದಾರು ಮಾಲಾಧಾರಿಗಳು ಇರುತ್ತಿದ್ದರು. ನಾನು ಮಾಡುತ್ತಿದ್ದುದು ಇಷ್ಟೇ. ಅಪ್ಪ ಅಥವಾ ಅಮ್ಮನಿಂದ ಒಂದು ಪತ್ರ: ಇಂಥ ದಿನದಿಂದ ಇಂಥ ದಿನದವರೆಗೆ ವ್ರತ, ಯಾತ್ರೆಗೆ ಇಷ್ಟು ದಿನ ರಜೆ. ಪಂಚೆ ಬೇಡ, ಯೂನಿಫಾರ್ಮ್ ಪ್ಯಾಂಟು ಶರ್ಟು ಇರಲಿ. ಮಾಲೆ ಶರ್ಟಿನ ಒಳಗೆ. ಹೆಗಲ ಮೇಲೆ ಕಪ್ಪು ಟವೆಲ್ ಬೇಕಾದರೆ ಇರಲಿ. ಬರಿಗಾಲಿಗೆ ತಕರಾರಿಲ್ಲ, ಆದರೆ ಮೈದಾನದಲ್ಲಿ ಗಾಜು ಬಿದ್ದಿರುತ್ತದೆ, ಪಿಟಿ ಪೀರಿಯಡ್ಡಿಗೆ ಮರದ ಕೆಳಗೆ ಕೂತಿರು. ಬಿಸಿಯೂಟದ ಬದಲು ಮನೆ ಡಬ್ಬಿ. ನಾನಿರುವವರೆಗೆ ಯಾರೂ ಕೇಳಲಿಲ್ಲ.

2022ರ ಫೆಬ್ರವರಿಯ ಹಿಜಾಬ್ ಗಲಾಟೆ ಆದಮೇಲೆ ಎಲ್ಲ ಬದಲಾಯಿತು. ಯಾರಿಗೆ ಏನು ಬಿಟ್ಟರೂ ಇನ್ನೊಬ್ಬರು ಮೊಬೈಲ್ ಹಿಡಿದು ವಿಡಿಯೊ ಮಾಡಿ, ಅವರಿಗೆ ಬಿಟ್ಟಿರಿ, ನಮಗೆ ಯಾಕಿಲ್ಲ ಅಂತ ಕೇಳುತ್ತಾರೆ. ಕೇಳುವುದು ನ್ಯಾಯವೇ. ಆದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ನೋಟಿಸ್ ಬರುವುದು ಹೆಡ್‌ಮಾಸ್ಟರಿಗೆ. ನಿಮ್ಮ ಹೆಡ್‌ಮಾಸ್ಟರ್ ಹೆದರಿದ್ದಾರೆ ಅಷ್ಟೇ ತಾಯಿ, ಅಯ್ಯಪ್ಪನ ಮೇಲೆ ಅವರಿಗೇನೂ ಸಿಟ್ಟಿಲ್ಲ.

ತುಂಗೆದಡದವಳು | ಬೆಳಿಗ್ಗೆ 7.05

ಸರ್, ಇದು ಉಪಯೋಗವಾಯಿತು. ಪಂಚೆ ಬಿಡೋಕೆ ಗುರುಸ್ವಾಮಿ ಒಪ್ಪುತ್ತಾರಾ ಕೇಳಬೇಕು.

ಪಡಿಪೂಜೆ | ಬೆಳಿಗ್ಗೆ 7.30

ಒಪ್ಪುತ್ತಾರೆ. ನಮ್ಮ ಗುಂಪಿನಲ್ಲಿ ಬಸ್ ಕಂಡಕ್ಟರ್ ಇದ್ದಾರೆ, ಪೊಲೀಸ್ ಪೇದೆ ಇದ್ದಾರೆ. ಡ್ಯೂಟಿಯಲ್ಲಿ ಯೂನಿಫಾರ್ಮ್, ಮನೆಗೆ ಬಂದ ಮೇಲೆ ಕಪ್ಪು. ಎರಡು ಹೊತ್ತು ಸ್ನಾನ, ಶರಣು ಹೇಳುವುದು ತಪ್ಪಬಾರದು ಅಷ್ಟೇ.

ನೇರನುಡಿ | ಬೆಳಿಗ್ಗೆ 8.10

ನೋಡಿ, ಇಲ್ಲೇ ಸಿಕ್ಕಿತು. ಹಿಜಾಬ್ ಧರ್ಮಕ್ಕೆ ಅತ್ಯಗತ್ಯ ಅಲ್ಲ ಅಂತ ಹೈಕೋರ್ಟು ಹೇಳಿದ ಹಾಗೇ, ಪಂಚೆಯೂ ಅತ್ಯಗತ್ಯ ಅಲ್ಲ, ಹಾಗಾಗಿ ಹಕ್ಕೂ ಅಲ್ಲ.

ಅಷ್ಟಮಠದ_ಬೀದಿ | ಬೆಳಿಗ್ಗೆ 8.42

ಈ ‘ಅತ್ಯಗತ್ಯ’ ಎಲ್ಲಿಂದ ಬಂತು ಗೊತ್ತಾ? ನಮ್ಮ ಉಡುಪಿಯಿಂದಲೇ. 1954ರ ಶಿರೂರು ಮಠದ ಕೇಸು. ಆಗ ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದೆವು, ಮಠದ ಆಡಳಿತಕ್ಕೆ ಸರ್ಕಾರ ಕೈ ಹಾಕಿತು ಅಂತ ಸ್ವಾಮಿಗಳು ಕೋರ್ಟಿಗೆ ಹೋದರು. ಒಂದು ಧರ್ಮಕ್ಕೆ ಯಾವುದು ಅತ್ಯಗತ್ಯ ಅನ್ನುವುದನ್ನು ಆ ಧರ್ಮದ ಒಳಗಿನಿಂದಲೇ ನೋಡಬೇಕು ಅಂತ ಸುಪ್ರೀಂ ಕೋರ್ಟು ಹೇಳಿತು. ಧರ್ಮದವರಿಗೆ ರಕ್ಷಣೆಯಾಗಿ ಹುಟ್ಟಿದ ಮಾತು. 68 ವರ್ಷ ಬಿಟ್ಟು ಅದೇ ಉಡುಪಿಯ ಹುಡುಗಿಯರ ಹಿಜಾಬ್ ಕೇಸಿನಲ್ಲಿ ಅದೇ ಮಾತು ಜರಡಿಯಾಗಿ ವಾಪಸ್ ಬಂತು. ಅತ್ಯಗತ್ಯ ಅಂತ ನೀವೇ ಸಾಬೀತು ಮಾಡಿ, ಇಲ್ಲವಾದರೆ ಹೊರಡಿ.

ಬಯಲುಸೀಮೆ_ಬಸವ | ಬೆಳಿಗ್ಗೆ 8.50

ಇದು ಗೊತ್ತೇ ಇರಲಿಲ್ಲ ಮಾರಾಯ್ರೆ.

ಎಡಿಸನ್_ಮುದ್ದೆ | ಬೆಳಿಗ್ಗೆ 9.15

ನ್ಯೂಜೆರ್ಸಿಯಿಂದ. ಇಲ್ಲಿನ ಪಬ್ಲಿಕ್ ಸ್ಕೂಲುಗಳಲ್ಲಿ ಗೆರೆ ಬೇರೆ ಕಡೆ ಎಳೆದಿದ್ದಾರೆ. ಮಗು ತಾನಾಗಿ ಏನಾದರೂ ಹಾಕಿಕೊಂಡರೆ, ಪ್ರಾರ್ಥನೆ ಮಾಡಿದರೆ ಅದು ಮಗುವಿನ ಹಕ್ಕು. ಶಾಲೆಯೇ ಪ್ರಾರ್ಥನೆ ಮಾಡಿಸಿದರೆ ತಪ್ಪು, 1962ರ ಎಂಗಲ್ ಕೇಸಿನಲ್ಲೇ ಅದನ್ನು ನಿಲ್ಲಿಸಿದರು. 1969ರ ಟಿಂಕರ್ ಕೇಸಿನಲ್ಲಿ ಅಯೋವಾ ರಾಜ್ಯದ ಮಕ್ಕಳು ವಿಯೆಟ್ನಾಂ ಯುದ್ಧ ಬೇಡ ಅಂತ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದಿದ್ದರು. ಧರ್ಮದ ವಿಷಯ ಅಲ್ಲ, ಆದರೂ ಪಾಠಕ್ಕೆ ನಿಜವಾಗಿ ಅಡ್ಡಿಯಾದರೆ ಮಾತ್ರ ಶಾಲೆ ತಡೆಯಬಹುದು ಅನ್ನುವ ಅಳತೆ ಬಂದದ್ದು ಅಲ್ಲಿಂದ. 2010ರಲ್ಲಿ ಟೆಕ್ಸಾಸ್‌ನ ನೀಡ್‌ವಿಲ್‌ನಲ್ಲಿ ಒಬ್ಬ ಮೂಲನಿವಾಸಿ ಹುಡುಗನ ಜಡೆಗೆ ಶಾಲೆ ತಕರಾರು ಮಾಡಿ ಮೇಲ್ಮನವಿ ಕೋರ್ಟಿನಲ್ಲಿ ಸೋತಿತು.

ಇನ್ನೊಂದು ತಮಾಷೆ. ಶಿವರಾತ್ರಿ ಮಾರನೇ ದಿನ ಮಗಳು ಹಣೆ ತುಂಬ ವಿಭೂತಿ ಇಟ್ಟುಕೊಂಡು ಶಾಲೆಗೆ ಹೋಗಿದ್ದಳು. ಅವಳ ಟೀಚರ್ ನೋಡಿ, ಅಯ್ಯೋ ಬೂದಿ ಬುಧವಾರ (ಕ್ರೈಸ್ತರು ಹಣೆಗೆ ಬೂದಿ ಇಟ್ಟುಕೊಳ್ಳುವ ದಿನ) ಇವತ್ತೇನಾ, ನಾನು ಮರೆತೇಬಿಟ್ಟೆ ಅಂತ ಗಾಬರಿಯಾದರಂತೆ.

ಮರಿಯಾಪುರ | ಬೆಳಿಗ್ಗೆ 9.31

ಹಹ್ಹಾ. ನಮ್ಮಲ್ಲಿ ಕೆಲವರು ಅದನ್ನು ವಿಭೂತಿ ಬುಧವಾರ ಅಂತಲೇ ಕರೆಯುತ್ತೇವೆ. ಪಿಯುಸಿಯಲ್ಲಿ ನಾನು ಬೂದಿ ಇಟ್ಟುಕೊಂಡು ಹೋದರೆ ಕನ್ನಡ ಲೆಕ್ಚರರು, ಏನಮ್ಮ ಲಿಂಗಾಯತರಾಗಿಬಿಟ್ಟೆಯಾ ಅಂದಿದ್ದರು.

ತಕರಾರು_ತಮ್ಮಯ್ಯ | ಬೆಳಿಗ್ಗೆ 9.48

ಅಮೆರಿಕದ ಪುರಾಣ ನಮಗೆ ಬೇಡ. ಅಲ್ಲಿ ಫುಟ್‌ಬಾಲ್ ಕೋಚ್ ಮೈದಾನದ ಮಧ್ಯೆ ಮಂಡಿಯೂರಿ ಪ್ರಾರ್ಥನೆ ಮಾಡಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ, 2022ರಲ್ಲೇ. ಕೋಚ್ ಕುಳಿತರೆ ಟೀಮಿನಲ್ಲಿ ಜಾಗ ಬೇಕಾದ ಹುಡುಗ ಕೂರದೆ ಇರುತ್ತಾನಾ? ಅವರ ಗೆರೆಯೂ ಜರುಗುತ್ತಿದೆ.

ಎಡಿಸನ್_ಮುದ್ದೆ | ಬೆಳಿಗ್ಗೆ 9.55

ಒಪ್ಪಿದೆ. ಬ್ರೆಮರ್ಟನ್ ಕೇಸು. ಇಲ್ಲೂ ಅದಕ್ಕೆ ತುಂಬ ಜಗಳ ಆಯಿತು.

ಕೋರ್ಟುಹಕ್ಕಿ | ಬೆಳಿಗ್ಗೆ 10.20

ನಮಗೆ ಹತ್ತಿರದ ವಿದೇಶಿ ಕೇಸು ಬೇಕಾದರೆ ದಕ್ಷಿಣ ಆಫ್ರಿಕಾದ ಪಿಳ್ಳೈ ಕೇಸು, 2007. ಡರ್ಬನ್‌ನ ಸರ್ಕಾರಿ ಹೈಸ್ಕೂಲು, ತಮಿಳು ಮೂಲದ ಹುಡುಗಿ, ಮೂಗುತಿ. ತೆಗಿ ಅಂದರು. ಅಮ್ಮ ಬಿಡಲಿಲ್ಲ. ಅಲ್ಲಿನ ಸಂವಿಧಾನ ನ್ಯಾಯಾಲಯ ಹುಡುಗಿ ಪರ ಹೇಳಿತು. ಮೂಗುತಿ ಕಡ್ಡಾಯವೋ ಐಚ್ಛಿಕವೋ ಅಂತ ಅಳೆಯುತ್ತ ಕೂರಲಿಲ್ಲ, ಅದು ಅವಳ ಧರ್ಮ ಸಂಸ್ಕೃತಿಯ ಭಾಗವಾಗಿದ್ದರೆ ಶಾಲೆ ಸ್ವಲ್ಪ ಸರಿದು ಜಾಗ ಮಾಡಿಕೊಡಲಿ ಅಂದಿತು. ಹಿಜಾಬ್ ಕೇಸಿನಲ್ಲಿ ವಕೀಲರು ಇದನ್ನು ಎತ್ತಿದ್ದರು. ನಮ್ಮ ಹೈಕೋರ್ಟು, ಮೂಗುತಿ ಕಣ್ಣಿಗೆ ಬೀಳದಷ್ಟು ಚಿಕ್ಕದು, ಅದನ್ನು ಇಲ್ಲಿಗೆ ಹೋಲಿಸಲಾಗದು ಅನ್ನುವ ಅರ್ಥದಲ್ಲಿ ಪಕ್ಕಕ್ಕಿಟ್ಟಿತು.

ಹಳೇಬೆಂಚು | ಬೆಳಿಗ್ಗೆ 10.26

ಕಣ್ಣಿಗೆ ಬೀಳದಷ್ಟು? ನಮ್ಮಜ್ಜಿಯ ಏಳು ಕಲ್ಲಿನ ಮೂಗುತಿ ನೋಡಿದ್ದರೆ ತೀರ್ಪೇ ಬೇರೆಯಾಗುತ್ತಿತ್ತು.

ಗೋಕಾಕ_ಕರದಂಟು | ಬೆಳಿಗ್ಗೆ 11.02

ಚಿಕ್ಕದಿದ್ದರೆ ಬಿಡುತ್ತಾರೆ ಅನ್ನುವುದೂ ಸುಳ್ಳು. 2025ರ ಏಪ್ರಿಲ್‌ನ ಸಿಇಟಿ ನೆನಪಿದೆಯಾ? ಬೀದರ್‌ನಲ್ಲಿ ಜನಿವಾರ ತೆಗೆಯಲ್ಲ ಅಂದ ಹುಡುಗನಿಗೆ ಗಣಿತ ಪರೀಕ್ಷೆ ಬರೆಯಲು ಬಿಡಲಿಲ್ಲ. ಶಿವಮೊಗ್ಗದಲ್ಲೂ ಗಲಾಟೆ ಆಯಿತು. ಜನಿವಾರ ತೆಗೆಸಿ ಅಂತ ನಿಯಮವೇ ಇರಲಿಲ್ಲ ಅಂತ ಆಮೇಲೆ ಮಂತ್ರಿಗಳು ಹೇಳಿದರು, ಸಿಬ್ಬಂದಿ ಸಸ್ಪೆಂಡ್ ಆದರು. ಅದಕ್ಕೂ ಹಿಂದೆ ನೇಮಕಾತಿ ಪರೀಕ್ಷೆಯಲ್ಲಿ ಮಾಂಗಲ್ಯ ತೆಗೆಸಿದ ಗಲಾಟೆ. ನಾನು ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ಕಟ್ಟುವವನು. ಒಂದು ಪರೀಕ್ಷೆ ಗೇಟಿನಲ್ಲಿ ಮೆಟಲ್ ಡಿಟೆಕ್ಟರ್ ಕುಯ್ ಅಂತು. ತೆರೆದು ತೋರಿಸು ಅಂದರು. ಹಿಂದೆ ಇನ್ನೂರು ಜನ ಸಾಲು. ಲಿಂಗ ಅಂಗೈಯಲ್ಲಿ ಇಟ್ಟುಕೊಂಡು ನಿಂತೆ, ಆ ಹುಡುಗ ಅದನ್ನು ಟಾರ್ಚ್ ಹಾಕಿ ನೋಡಿದ. ಬ್ಲೂಟೂತ್ ಅಂದುಕೊಂಡನೋ ಏನೋ.

ಕೋರ್ಟುಹಕ್ಕಿ | ಬೆಳಿಗ್ಗೆ 11.10

ಅದಕ್ಕೆ ನೀಟ್ (ವೈದ್ಯಕೀಯ ಪ್ರವೇಶ ಪರೀಕ್ಷೆ) ಪದ್ಧತಿ ವಾಸಿ. ಧಾರ್ಮಿಕ ಉಡುಪಿನವರು ಮುಂಚಿತವಾಗಿ ಬನ್ನಿ, ತಪಾಸಣೆ ಮಾಡಿ ಒಳಗೆ ಬಿಡುತ್ತೇವೆ ಅಂತ ಮೊದಲೇ ಬರೆದಿರುತ್ತಾರೆ. ಬರವಣಿಗೆಯಲ್ಲಿ ಇದ್ದರೆ ಗೇಟಿನಲ್ಲಿ ನಿಂತ ಹುಡುಗ ತನ್ನ ತಲೆಗೆ ತೋಚಿದ್ದು ಮಾಡುವುದಿಲ್ಲ.

ಕಡಲಕಿನಾರೆ | ಮಧ್ಯಾಹ್ನ 1.40

ಬರೆಯೋದಾ ಬೇಡವಾ ಅಂತ ಬೆಳಿಗ್ಗೆಯಿಂದ ಯೋಚಿಸುತ್ತಿದ್ದೆ.

2022ರಲ್ಲಿ ನಾನು ಸೆಕೆಂಡ್ ಪಿಯು, ಸೈನ್ಸು. ಫಸ್ಟ್ ಪಿಯು ಪೂರ್ತಿ ಯೂನಿಫಾರ್ಮಿನ ವೇಲನ್ನೇ ತಲೆಗೆ ಸುತ್ತಿಕೊಂಡು ಕೂತಿದ್ದೆ, ಯಾರೂ ಏನೂ ಅಂದಿರಲಿಲ್ಲ. ಕೆಮಿಸ್ಟ್ರಿ ಲ್ಯಾಬಲ್ಲಿ ಮೇಡಂ, ಬರ್ನರ್ ಹತ್ತಿರ ವೇಲು ಒಳಗೆ ಸಿಕ್ಕಿಸಿಕೋ ಅಂತ ಮಾತ್ರ ಹೇಳುತ್ತಿದ್ದರು. ಫೆಬ್ರವರಿಯಲ್ಲಿ, ತೀರ್ಪು ಬರುವವರೆಗೆ ಯಾರೂ ಧಾರ್ಮಿಕ ಉಡುಪು ಹಾಕಬಾರದು ಅಂತ ಹೈಕೋರ್ಟಿನ ಮಧ್ಯಂತರ ಆದೇಶ ಬಂದ ಮೇಲೆ ಗೇಟಿನ ಪಕ್ಕ ಒಂದು ಕೋಣೆ ತೋರಿಸಿದರು, ಅಲ್ಲಿ ತೆಗೆದು ಒಳಗೆ ಹೋಗಬೇಕು. ಪಿನ್ನುಗಳನ್ನು ಜಾಮೆಟ್ರಿ ಬಾಕ್ಸಲ್ಲಿ ಹಾಕಿಡುತ್ತಿದ್ದೆ. ಹೊರಗೆ ನ್ಯೂಸ್ ಚಾನೆಲ್‌ನವರು. ಕೈ ನಡುಗಿ ಪಿನ್ನು ಚುಚ್ಚಿಕೊಂಡು, ಪ್ರಾಕ್ಟಿಕಲ್ ರೆಕಾರ್ಡ್ ಮೇಲೆ ಒಂದು ಹನಿ ರಕ್ತ ಬಿತ್ತು. ಆ ರೆಕಾರ್ಡ್ ಇನ್ನೂ ಇದೆ. ನನ್ನ ಜೊತೆ ಬರುತ್ತಿದ್ದ ಇಬ್ಬರಲ್ಲಿ ಒಬ್ಬಳು ಟಿಸಿ ತಗೊಂಡಳು, ಇನ್ನೊಬ್ಬಳಿಗೆ ಮದುವೆ ಆಯಿತು. ನಾನು ತೆಗೆದಿಟ್ಟು ಬರೆದೆ. ತಪ್ಪು ಮಾಡಿದೆ ಅಂತ ಕೆಲವರು, ಸರಿ ಮಾಡಿದೆ ಅಂತ ಕೆಲವರು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.

ಅಕ್ಕ, ನಿಮ್ಮ ಮಗ ಶಾಲೆ ಬಿಡುವುದು ಬೇಡ. ಬೇಗ ಏನಾದರೂ ಮಾಡಿ.

ತುಂಗೆದಡದವಳು | ಮಧ್ಯಾಹ್ನ 2.02

ಓದಿ ಹೊಟ್ಟೆ ಕಿವುಚಿದ ಹಾಗಾಯಿತು ತಂಗಿ.

ಕಾಫಿಬೀಜ | ಮಧ್ಯಾಹ್ನ 2.30

ಬೇಜಾರಾಯಿತು. ಆದರೆ ಆಗ ಹಿಜಾಬಿಗೆ ಎದುರಾಗಿ ಹಾಕಿಕೊಂಡು ಬಂದ ಕೇಸರಿ ಶಾಲಿಗೂ ಬೇಡ ಅಂದಿದ್ದರು, ಕೋರ್ಟು ಎಲ್ಲರಿಗೂ ಒಂದೇ ಹೇಳಿತ್ತು. ಅದನ್ನೂ ನೆನಪಿಡಬೇಕು.

ತಕರಾರು_ತಮ್ಮಯ್ಯ | ಮಧ್ಯಾಹ್ನ 2.36

ಶಾಲನ್ನು ಹಿಂದಿನ ವಾರ ಅಂಗಡಿಯಿಂದ ತಂದು ಹಾಕಿಕೊಂಡಿದ್ದರು ಸ್ವಾಮಿ. ಈ ಹುಡುಗಿ ದಿನಾ ಹಾಕುತ್ತಿದ್ದಳು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಆ ಆದೇಶದ ಬಿಸಿಗೆ ಬೆಂಗಳೂರಿನ ಒಂದು ಕಾಲೇಜಿನವರು ಸಿಖ್ ಹುಡುಗಿಗೂ ಪೇಟ ತೆಗಿ ಅಂದಿದ್ದರು.

ನೇರನುಡಿ | ಮಧ್ಯಾಹ್ನ 2.51

ಅದಕ್ಕೇ ಹೇಳುವುದು, ಎಲ್ಲ ಹೊರಗಿಡಿ. ಕುಂಕುಮ, ಜನಿವಾರ, ಶಿಲುಬೆ, ಹಿಜಾಬು, ಮಾಲೆ ಎಲ್ಲ. ಫ್ರಾನ್ಸ್ 2004ರಲ್ಲೇ ಎದ್ದು ಕಾಣುವ ಧಾರ್ಮಿಕ ಗುರುತು ಸರ್ಕಾರಿ ಶಾಲೆಯಲ್ಲಿ ಬೇಡ ಅಂತ ಕಾನೂನು ಮಾಡಿತು.

ಪ್ರೈಮರಿ_ಟೀಚರಮ್ಮ | ಸಂಜೆ 5.15

ನೇರನುಡಿ ಸರ್, ಹಾಗಾದರೆ ಶುಕ್ರವಾರದ ಸರಸ್ವತಿ ಪೂಜೆಯನ್ನೂ ನಿಲ್ಲಿಸೋಣವಾ? 28ನೇ ವಿಧಿ ಓದಿ. ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಇರುವಂತಿಲ್ಲ. ಸರ್ಕಾರ ಮಾನ್ಯತೆ ಅಥವಾ ಅನುದಾನ ಕೊಟ್ಟ ಶಾಲೆಗಳಲ್ಲೂ ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಮಗುವನ್ನು ಪೂಜೆಗೆ ಕೂರಿಸುವಂತಿಲ್ಲ. ಮಗು ಹಾಕಿಕೊಂಡು ಬರುವುದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೇವೆ, ಶಾಲೆ ಮಾಡಿಸುವುದನ್ನು ಮಾತ್ರ ಯಾರೂ ನೋಡುವುದಿಲ್ಲ. ಎಡಿಸನ್‌ನವರು ಹೇಳಿದ ಗೆರೆ ನಮ್ಮಲ್ಲಿ ತಲೆಕೆಳಗಾಗಿದೆ.

ಹೇಳುವವಳು ನಾನೇ ಶುಕ್ರವಾರ ಹೂವು ಕಟ್ಟುವವಳು ಬೇರೆ. ನಮ್ಮ ಶಾಲೆಯಲ್ಲಿ ಕಲ್ಲುಸಕ್ಕರೆ ಹಂಚುವ ಕೆಲಸ ಮೂರನೇ ಕ್ಲಾಸಿನ ಒಬ್ಬ ಸಾಬರ ಹುಡುಗನದು. ಅವನೇ ಕೇಳಿ ತಗೊಂಡದ್ದು. ಅವನು ಹಂಚಿದರೆ ಕೊನೆಯವರಿಗೆ ಸಿಗುವುದಿಲ್ಲ, ಅರ್ಧ ಅವನ ಜೇಬಿಗೇ.

ಹಳೇಬೆಂಚು | ಸಂಜೆ 5.22

ಅವನಿಗೆ ಒಳ್ಳೆಯ ಭವಿಷ್ಯ ಇದೆ.

ನೇರನುಡಿ | ಸಂಜೆ 5.40

ಹೌದು ಟೀಚರಮ್ಮ, ಪೂಜೆಯೂ ಬೇಡ. ನಾನು ಹೇಳಿದ್ದಕ್ಕೆ ನಿಲ್ಲುತ್ತೇನೆ.

ಬಯಲುಸೀಮೆ_ಬಸವ | ಸಂಜೆ 5.58

ಇವರೊಬ್ಬರು ಒಂದೇ ಮಾತಿನವರು, ಬೈಯೋಕೂ ಆಗಲ್ಲ. ಅಂದಹಾಗೆ ಮಾಲೆ ಹುಡುಗರು ಬಿಸಿಯೂಟದ ಮೊಟ್ಟೆ ಏನು ಮಾಡುತ್ತಾರೆ?

ನಿವೃತ್ತ_ಹೆಚ್ಚೆಮ್ | ಸಂಜೆ 6.10

ಮೊಟ್ಟೆ ಬೇಡದವರಿಗೆ ಬಾಳೆಹಣ್ಣು. ನೋಡಿ, ಅಲ್ಲಿ ಜಗಳ ಆದದ್ದು ಮೊಟ್ಟೆ ಕೊಡಬೇಕೇ ಅನ್ನುವುದಕ್ಕೆ. ಕೊಡೋಕೆ ಶುರು ಮಾಡಿದ ಮೇಲೆ, ಇದು ಬೇಕಾ ಅದು ಬೇಕಾ ಅಂತ ಮಗುವನ್ನೇ ಕೇಳುತ್ತೇವೆ. ಮುಗಿಯಿತು. ಬಾಳೆಹಣ್ಣು ಬರೆಸಿದ ಎಷ್ಟೋ ಹುಡುಗರು ಪಕ್ಕದವನ ಮೊಟ್ಟೆಗೆ ಅದಲುಬದಲು ಮಾಡಿಕೊಳ್ಳುತ್ತಿದ್ದರು, ನಾನು ಆ ಕಡೆ ನೋಡುತ್ತಿರಲಿಲ್ಲ.

ಮಾಡರೇಟರ್ | ಸಂಜೆ 6.45

ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಯಾಕೆ ಅಂತ ಬರೆದವರಿಗೆ ಗೊತ್ತು. ಮೊಟ್ಟೆಗೆ ಬೇರೆ ಚರ್ಚೆ ಶುರು ಮಾಡಿ.

ಕೋರ್ಟುಹಕ್ಕಿ | ರಾತ್ರಿ 8.30

ಕೊನೆಯದಾಗಿ ಎರಡು ಮಾತು. ಒಂದು, 2024ರ ಆಗಸ್ಟ್ 9ರಂದು ಸುಪ್ರೀಂ ಕೋರ್ಟು ಮುಂಬೈನ ಒಂದು ಖಾಸಗಿ ಕಾಲೇಜು ಹಿಜಾಬು, ಟೋಪಿ ನಿಷೇಧಿಸಿದ್ದ ಸುತ್ತೋಲೆಗೆ ಭಾಗಶಃ ತಡೆ ಕೊಟ್ಟಿತು. ಹಾಗಾದರೆ ತಿಲಕ, ಬಿಂದಿ ಹಾಕಬೇಡಿ ಅಂತೀರಾ ಅಂತ ನ್ಯಾಯಮೂರ್ತಿಗಳು ಕೇಳಿದರು. ಅದು ಮಧ್ಯಂತರ ಆದೇಶ, ಜಾಸ್ತಿ ನಂಬಿಕೊಳ್ಳಬೇಡಿ.

ಎರಡು, ಅಕ್ಕ, ಶಾಲೆಯ ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಬರೆದುಕೊಡಿ, ಒಂದು ಪ್ರತಿ ಬಿಇಒಗೆ. ಪಂಚೆಗಾಗಿ ಹಟ ಬೇಡ. ಮಾಲೆ ಮತ್ತು ಬರಿಗಾಲಿಗೆ ಅನುಮತಿ ಕೇಳಿ. ಶಾಲೆಗೆ ಬರಬೇಡ ಅಂತ ಬಾಯಲ್ಲಿ ಹೇಳಿದ್ದನ್ನು ಬರವಣಿಗೆಯಲ್ಲಿ ಕೊಡಿ ಅಂತಲೂ ಕೇಳಿ. ನೂರಕ್ಕೆ ತೊಂಬತ್ತು ಪಾಲು ಕೊಡುವುದಿಲ್ಲ, ಅಲ್ಲಿಗೇ ಮೆತ್ತಗಾಗುತ್ತಾರೆ.

ತುಂಗೆದಡದವಳು | ಗುರುವಾರ, ಸಂಜೆ 7.12

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ನಾನೇ ಪತ್ರ ಹಿಡಿದು ಹೋಗಿದ್ದೆ. ಹೆಡ್‌ಮಾಸ್ಟರ್ ಕೂರಿಸಿ ಟೀ ತರಿಸಿದರು. ಯೂನಿಫಾರ್ಮು, ಮಾಲೆ ಒಳಗೆ, ಬರಿಗಾಲು, ನಿವೃತ್ತ ಸರ್ ಹೇಳಿದ ಹಾಗೇ ಒಪ್ಪಿಕೊಂಡರು. ನಾಳೆಯಿಂದ ಹೋಗುತ್ತಾನೆ. ಪಿಟಿ ಮೇಷ್ಟ್ರು ಹೊರಗೆ ಸಿಕ್ಕಿ, ಅರವಣ ಪಾಯಸ ಒಂದು ಡಬ್ಬಿ ನನಗೂ ತರೋಕೆ ಹೇಳಮ್ಮ ಅಂದರು!

ಒಂದೇ ಒಂದು. ಪತ್ರ ತಗೊಳ್ಳಲಿಲ್ಲ. ಓದಿ ವಾಪಸ್ ಕೈಗೆ ಕೊಟ್ಟರು. ಇದೆಲ್ಲ ಬರವಣಿಗೆಯಲ್ಲಿ ಬೇಡ, ನಾಳೆ ಇನ್ನೊಬ್ಬರು ಇದನ್ನೇ ಹಿಡಿದುಕೊಂಡು ಬರುತ್ತಾರೆ, ಬಾಯಿಮಾತಲ್ಲಿ ಇರಲಿ ಅಂದರು. ಸರಿ ಸರ್ ಅಂತ ಬಂದೆ.

ಕಡಲಕಿನಾರೆ | ಸಂಜೆ 7.30

ಒಳ್ಳೆಯದಾಯಿತು ಅಕ್ಕ. ನಮಗೂ ಫಸ್ಟ್ ಪಿಯುನಲ್ಲಿ ಬಾಯಿಮಾತಲ್ಲೇ ಇತ್ತು.

ತುಂಗೆದಡದವಳು | ಸಂಜೆ 7.44

ಹೂಂ ತಂಗಿ. ಟೀ ಕುಡಿಯುವಾಗ ನನಗೂ ನೀನೇ ನೆನಪಾದೆ. ಪತ್ರ ಇನ್ನೂ ಬ್ಯಾಗಲ್ಲೇ ಇದೆ. ಸೋಮವಾರ ಎಸ್‌ಡಿಎಂಸಿ ಮೀಟಿಂಗ್ ಅಂತೆ, ಹೋಗಲಾ ಅಂತ ನೋಡುತ್ತಿದ್ದೇನೆ.

ಹಳೇಬೆಂಚು | ಸಂಜೆ 7.51

ಹೋಗಿ. ಅರವಣ ಎರಡು ಡಬ್ಬಿ ಜಾಸ್ತಿ ತರೋಕೆ ಹೇಳಿ, ಮೀಟಿಂಗ್‌ನವರೂ ಕೇಳುತ್ತಾರೆ.